ಅಂಥ ತಂಗಿ ಯಾರೂ ಇಲ್ಲ

ಸಾಬೀರಾ ಕರಾಚಿಯಲ್ಲಿ ಭಾರತದ ವೀಸಾಕ್ಕೆ ಮೊದಲ ಸಲ ಅರ್ಜಿ ಹಾಕಿದ್ದು ೧೯೫೬ರಲ್ಲಿ. ಮದುವೆಯಾಗಿ ಗಂಡನ ಹಿಂದೆ ಸಿರಾ ಬಿಟ್ಟು ಆಗಲೇ ಎಂಟು ವರ್ಷವಾಗಿತ್ತು. ಗಂಡ ಬಂದರಿನಲ್ಲಿ ಗುಮಾಸ್ತ. ಇತ್ತ ಸಿರಾದಲ್ಲಿ, ಪಾತ್ರೆಗಳಿಗೆ ಕಲಾಯಿ ಹಾಕಿ ಜೀವನ ಮಾಡಿದ್ದ ತಂದೆ ಫಕ್ರುದ್ದೀನ್ ಸಾಬರಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿತ್ತು. ನಿನ್ನನ್ನೇ ಕೇಳುತ್ತಾರೆ, ಬಂದು ಹೋಗು ಎಂದು ತಾಯಿ ಅಮೀರ್ ಬಿ ಹೇಳಿ ಬರೆಸಿದ್ದಳು. ತಾಯಿಗೆ ಓದು ಬರಹ ಬಾರದು. ಬರೆದವನು ಅಣ್ಣ ಹಬೀಬ್.

ವೀಸಾ ಕಚೇರಿಯ ಹೊರಗೆ ಮರದ ಕೆಳಗೆ ಕೂತು ಅರ್ಜಿ ತುಂಬಿಕೊಡುವವನೊಬ್ಬ, ಬರುವ ಉದ್ದೇಶ ಎಂಬಲ್ಲಿ ಪ್ರವಾಸ ಎಂದು ಬರೆದ. ನಾನು ಹೋಗುತ್ತಿರುವುದು ನನ್ನ ಅಪ್ಪನನ್ನು ನೋಡೋದಕ್ಕೆ, ಪ್ರವಾಸಕ್ಕಲ್ಲ ಎಂದು ಸಾಬೀರಾ ತಕರಾರು ತೆಗೆದಳು. ಒಂದು ತಿಂಗಳು ಇದ್ದು ಬರುವವರದೆಲ್ಲ ಅದೇ ಲೆಕ್ಕ ಎಂದು ಅವನು ತಲೆಯೆತ್ತದೆ ಹೇಳಿದ. ಭಾರತದಲ್ಲಿ ಇರುವ ಸಂಬಂಧಿಕರು ಎಂಬಲ್ಲಿ ಅಣ್ಣನ ಹೆಸರು, ಸಿರಾದ ವಿಳಾಸ ಹೋಯಿತು. ಅಲ್ಲಿನ ಪೊಲೀಸರು ವಿಚಾರಿಸಿ ಹೌದು ಅಂದರೆ ವೀಸಾ ಸಿಗುತ್ತದೆ ಎಂದು ಕಚೇರಿಯವರು ಹೇಳಿದರು.

ನಾಲ್ಕು ತಿಂಗಳಾದ ಮೇಲೆ ಅರ್ಜಿ ತಿರಸ್ಕೃತವಾಗಿದೆ ಎಂಬ ಚೀಟಿ ಬಂತು. ಕಾರಣ ಬರೆದಿರಲಿಲ್ಲ. ಸಾಬೀರಾ ಮತ್ತೆ ಮತ್ತೆ ಹೋಗಿ ಕಿಟಕಿಯ ಮುಂದೆ ನಿಂತಳು. ಉತ್ತರ ನಿಮ್ಮ ಊರಿಂದಲೇ ಬಂದಿದೆ, ಅದಕ್ಕಿಂತ ಹೆಚ್ಚು ಹೇಳುವಂತಿಲ್ಲ ಎಂದು ಗುಮಾಸ್ತ ಹೇಳಿದ. ಅವನು ಸುಳ್ಳು ಹೇಳುತ್ತಿದ್ದಾನೆ ಅಂತಲೇ ಅವಳು ನಂಬಿದಳು. ಮರುವರ್ಷ ಮಳೆಗಾಲದಲ್ಲಿ, ಮಕ್ಕಳು ಬಾವಾ ಎಂದು ಕರೆಯುತ್ತಿದ್ದ ತಂದೆ ತೀರಿಕೊಂಡರು. ಅಣ್ಣನ ಕಾಗದ ಬಂತು. ಬಾವಾ ಕೊನೆಯವರೆಗೂ ನಿನ್ನ ದಾರಿ ನೋಡಿದರು, ನೀನು ಬರಲೇ ಇಲ್ಲ ಎಂದು ಅದರಲ್ಲಿತ್ತು. ಸಾಬೀರಾ ಅದನ್ನು ಓದಿ ಮೂರು ದಿನ ಒಲೆ ಹಚ್ಚಲಿಲ್ಲ. ಆ ಕಿಟಕಿಯ ಗುಮಾಸ್ತನಿಗೆ, ಅವನ ಮೇಲಿನವರಿಗೆ, ಎರಡು ಸರ್ಕಾರಗಳಿಗೂ ಶಾಪ ಹಾಕಿದಳು. ಅಣ್ಣನಿಗೆ ಮಾತ್ರ, ನನ್ನ ತಪ್ಪಲ್ಲ, ಮಾಫಿ ಮಾಡು ಎಂದು ಬರೆದಳು.

೧೯೬೦ರಲ್ಲಿ ಮತ್ತೆ ಅರ್ಜಿ ಹಾಕಿದಾಗ ಎರಡೇ ತಿಂಗಳಲ್ಲಿ ವೀಸಾ ಬಂತು. ಮೂವತ್ತು ದಿನ, ಸಿರಾ ಬಿಟ್ಟು ಬೇರೆಲ್ಲೂ ಹೋಗುವಂತಿಲ್ಲ, ತಲುಪಿದ ಇಪ್ಪತ್ತನಾಲ್ಕು ಗಂಟೆಯೊಳಗೆ ಪೊಲೀಸ್ ಠಾಣೆಯಲ್ಲಿ ಹಾಜರಾಗಬೇಕು. ಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು, ಹಡಗಿನಲ್ಲಿ ಬೊಂಬಾಯಿಗೆ ಬಂದು, ಅಲ್ಲಿಂದ ರೈಲಿನಲ್ಲಿ ತುಮಕೂರು, ತುಮಕೂರಿಂದ ಬಸ್ಸು. ಸಿರಾದ ಬಸ್ ಸ್ಟ್ಯಾಂಡಿನಲ್ಲಿ ಹಬೀಬ್ ನಿಂತಿದ್ದ. ಮೈ ತುಂಬಿಕೊಂಡಿದ್ದ. ಕಂಬಳಿ ವ್ಯಾಪಾರ ಕೈ ಹಿಡಿದಿದೆ, ಸರ್ಕಾರಿ ಹಾಸ್ಟೆಲುಗಳಿಗೆಲ್ಲ ನಮ್ಮ ಅಂಗಡಿಯದೇ ಕಂಬಳಿ ಎಂದು ದಾರಿಯಲ್ಲೇ ಹೇಳಿದ. ಮನೆಯಲ್ಲಿ ತಾಯಿ ಮಗಳನ್ನು ತಬ್ಬಿಕೊಂಡು ಬಹಳ ಹೊತ್ತು ಬಿಡಲಿಲ್ಲ. ಆಮೇಲೆ, ನಾಲ್ಕು ವರ್ಷದ ಹಿಂದೆ ಬಂದಿದ್ದರೆ ಎಂದು ಅರ್ಧಕ್ಕೇ ನಿಲ್ಲಿಸಿದಳು. ಸಾಬೀರಾ ತಲೆ ತಗ್ಗಿಸಿದಳು.

ಮಾರನೆ ಬೆಳಿಗ್ಗೆ ಠಾಣೆಗೆ ಹೋದರು. ಹಬೀಬ್ ಒಳಗೆ ಬರಲಿಲ್ಲ. ಯಾರನ್ನೋ ನೋಡಬೇಕು ಎಂದು ಹೇಳಿ ಎದುರಿನ ಹೋಟೆಲಿನಲ್ಲಿ ಕೂತ. ಒಳಗೆ ದಫೇದಾರ್ ಶಂಕರಲಿಂಗಪ್ಪ ಮೇಜಿನ ಮೇಲೆ ಅವಳ ಫೈಲು ತೆಗೆದಿಟ್ಟುಕೊಂಡಿದ್ದ. ವಯಸ್ಸಾದ ಮನುಷ್ಯ, ಮಾತು ಮೆತ್ತಗೆ. ಪಾಸ್‌ಪೋರ್ಟು ನೋಡಿ, ಹೆಸರು ಬರೆದುಕೊಂಡು, ಐವತ್ತಾರರಲ್ಲೂ ಒಂದ್ಸಲ ಅರ್ಜಿ ಹಾಕಿದ್ದಿರಲ್ಲ ಎಂದು ಕೇಳಿದ. ಹೌದು, ಕೊಡಲಿಲ್ಲ, ಯಾಕೆಂದು ಇವತ್ತಿಗೂ ಗೊತ್ತಿಲ್ಲ ಎಂದಳು ಸಾಬೀರಾ.

ಅವಳಿಗೆ ಗೊತ್ತಿರುತ್ತದೆ ಅಂತಲೇ ದಫೇದಾರ್ ಅಂದುಕೊಂಡಿದ್ದ.

"ಹೆಂಗ್ ಕೊಡ್ತಾರಮ್ಮ?" ಎಂದ. "ನಿಮ್ಮಣ್ಣನೋರೇ ಬರ್ಕೊಟ್ಟವ್ರೆ, ನಂಗೆ ಪಾಕಿಸ್ತಾನದಾಗೆ ಅಂಥ ತಂಗಿ ಯಾರೂ ಇಲ್ಲ ಅಂತ."

ಅವಳಿಗೆ ಅರ್ಥವಾಗಲಿಲ್ಲ. ದಫೇದಾರ್ ಹಳೆಯ ಹಾಳೆಯೊಂದನ್ನು ತಿರುಗಿಸಿ ತೋರಿಸಿದ. ಹೇಳಿಕೆ ಕನ್ನಡದಲ್ಲಿತ್ತು, ಬರೆದವನು ಆಗಿನ ಪೊಲೀಸಿನವನು. ಕೆಳಗಿನ ಸಹಿ ಉರ್ದು. ಹನ್ನೆರಡು ವರ್ಷದಿಂದ ಅವಳ ಮನೆಗೆ ಬರುತ್ತಿದ್ದ ಒಂದೊಂದು ಕಾಗದದ ಕೊನೆಯಲ್ಲೂ ಇದ್ದ ಸಹಿ ಅದು. ಹಾಗಾದರೆ ಈ ಸಲ ಹೇಗೆ ಕೊಟ್ಟಿರಿ ಎಂದು ಕೇಳಿದಳು. ನಾನೇ ವಿಚಾರಣೆಗೆ ಹೋಗಿದ್ದೆ, ನಿಮ್ಮಣ್ಣ ಮಧುಗಿರಿ ಸಂತೆಗೆ ಹೋಗಿದ್ದರು, ನಿಮ್ಮ ತಾಯಿ ನನ್ನ ಮಗಳೇ ಎಂದು ಹೆಬ್ಬೆಟ್ಟು ಒತ್ತಿದರು ಎಂದ ದಫೇದಾರ್. ಹೊಸ ಹಾಳೆಯ ಮೇಲೆ ಅಮೀರ್ ಬಿಯ ಹೆಬ್ಬೆರಳು ದಪ್ಪಗೆ, ಸ್ವಲ್ಪ ಜಾರಿದಂತೆ ಮೂಡಿತ್ತು.

ಹೊರಗೆ ಬಂದವಳು ಹೋಟೆಲಿನ ಕಡೆ ನೋಡಲಿಲ್ಲ. ಕೋಟೆಯ ಪಕ್ಕದ ದಾರಿಯಲ್ಲಿ ದಡದಡನೆ ನಡೆದಳು. ಹಬೀಬ್ ಹಿಂದೆ ಓಡಿ ಬಂದ. ಏನಾಯಿತು, ಏನಂದರು ಎಂದು ಕೇಳುತ್ತಲೇ ಬಂದ. ಮನೆಯ ಅಂಗಳದಲ್ಲಿ ಅವಳು ತಿರುಗಿ ನಿಂತಳು. ಆ ಮನೆಯಲ್ಲಿ ಎಲ್ಲರೂ ಆಡುವುದು ಉರ್ದು. ಅವಳು ಬೇಕೆಂದೇ ಕನ್ನಡದಲ್ಲಿ ಶುರು ಮಾಡಿದಳು, ಬೀದಿಗೆಲ್ಲ ತಿಳಿಯಲಿ ಎಂದು.

"ಹೇಳು ಭಾಯ್. ನಿಂಗೆ ತಂಗಿ ಅವ್ಳೋ ಇಲ್ವೋ? ಅಮ್ಮನ ಮುಂದೆ ಹೇಳು."

ಹಬೀಬ್ ಬೀದಿಯ ಕಡೆ ನೋಡಿದ. ಮೆಲ್ಲಗೆ ಮಾತಾಡು ಎಂದು ಉರ್ದುವಿನಲ್ಲಿ ಹೇಳಿದ. ಅವಳು ಇನ್ನೂ ಗಟ್ಟಿಯಾಗಿ ಎಲ್ಲವನ್ನೂ ಹೇಳಿದಳು. ಪಕ್ಕದ ಮನೆಯ ಹನುಮಕ್ಕ ಎಮ್ಮೆಗೆ ಹುಲ್ಲು ಹಾಕುತ್ತಿದ್ದವಳು ಹಾಗೇ ನಿಂತಳು. ಅಮೀರ್ ಬಿ ಹೊಸ್ತಿಲಲ್ಲಿ ಕೂತಿದ್ದಳು. ಅವಳಿಗೂ ಇದು ಗೊತ್ತಿರಲಿಲ್ಲ. ಕರಾಚಿಯ ಕಾಗದಗಳನ್ನು ಅವಳಿಗೆ ಓದಿ ಹೇಳುತ್ತಿದ್ದವನೂ ಹಬೀಬನೇ. ನಾಲ್ಕು ವರ್ಷ ಅವಳು ಮಗಳನ್ನೇ ಕಲ್ಲುಮನಸ್ಸಿನವಳು ಎಂದುಕೊಂಡಿದ್ದಳು.

ಹಬೀಬ್ ತನ್ನ ಕಡೆಯದನ್ನು ಹೇಳಿಕೊಂಡ. ಪೊಲೀಸಿನವನು ಅಂಗಡಿಯ ಮುಂದೆ, ಗಿರಾಕಿಗಳು ತುಂಬಿದ್ದ ಹೊತ್ತಿನಲ್ಲಿ ಬಂದು ನಿಂತಿದ್ದ. ಆ ವಾರವೇ ಕಂಬಳಿ ಟೆಂಡರು ತೆರೆಯುವುದಿತ್ತು. ಪಾಕಿಸ್ತಾನದವಳ ಅಣ್ಣ ಎಂದರೆ ಟೆಂಡರು ಹೋಗುತ್ತದೆ, ಆಮೇಲೆ ಯಾವಾಗ ಬೇಕಾದರೂ ಬಂದು ಬಾಗಿಲು ತಟ್ಟುತ್ತಾರೆ ಎಂದು ಹೆದರಿಕೆಯಾಯಿತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ, ಹೇಳಿದ ಮೇಲೆ ವಾಪಸು ತೆಗೆದುಕೊಳ್ಳುವುದು ಹೇಗೆಂದು ತಿಳಿಯಲಿಲ್ಲ ಎಂದ.

"ಹೆದರ್ಕೆ ಆಯ್ತು, ಸರಿ," ಎಂದಳು ಸಾಬೀರಾ. "ಹೆದರಿದೋನು ಬಾಯ್ ಮುಚ್ಕೊಂಡಿರ್ಬೇಕಿತ್ತು. ನೀನು ಬರ್ಲಿಲ್ಲ ಅಂತ ನಂಗೆ ಯಾಕೆ ಬರ್ದೆ?"



ಸಾಬೀರಾ ಒಳಗೆ ಹೋಗಿ ತನ್ನ ಟ್ರಂಕು ಎಳೆದು ತಂದಳು. ಎಲ್ಲಿ ಹೋಗುತ್ತೀಯ, ವೀಸಾದಲ್ಲಿ ಈ ಮನೆಯ ವಿಳಾಸ ಇದೆ ಎಂದು ಹಬೀಬ್ ಅಡ್ಡ ಬಂದ. ಆಗ ಗೋಡೆಯಾಚೆಯಿಂದ ಹನುಮಕ್ಕ, "ಇಲ್ಲಿಗೆ ಬಾ ಕಣಮ್ಮ ಸಾಬೀರಾ, ಮುಂದಿನ ಕೋಣೆ ಖಾಲಿ ಬಿದ್ದದೆ," ಎಂದಳು. ಗಂಡ ಸತ್ತ ಮೇಲೆ ಒಂದಿಷ್ಟು ಕಡಲೆಕಾಯಿ ಹೊಲ, ಎರಡು ಎಮ್ಮೆ ನೋಡಿಕೊಂಡಿದ್ದ ಹೆಂಗಸು ಅವಳು. ಸಾಬೀರಾ ಚಿಕ್ಕವಳಿದ್ದಾಗ ಅವಳ ಅಂಗಳದಲ್ಲೇ ಆಡಿ ಬೆಳೆದಿದ್ದಳು. ಅಮೀರ್ ಬಿ ಎದ್ದು, ಎಲೆಯಡಿಕೆ ಡಬ್ಬಿ, ಒಂದು ಕಂಬಳಿ ತೆಗೆದುಕೊಂಡು ಮಗಳ ಹಿಂದೆ ಹೊರಟಳು. ಮಗನ ಪಕ್ಕದಲ್ಲಿ ಹಾದುಹೋಗುವಾಗ ಒಂದು ಕ್ಷಣ ನಿಂತಳು. ಕಂಬಳಿಯನ್ನು ನೆಲಕ್ಕೆ ಹಾಕಿ ಡಬ್ಬಿಯೊಂದನ್ನೇ ಹಿಡಿದು ಹೋದಳು.

ಮಧ್ಯಾಹ್ನವೇ ಸಾಬೀರಾ ಠಾಣೆಗೆ ಮತ್ತೆ ಹೋಗಿ ವಿಳಾಸ ಬದಲಾಯಿಸಿದಳು. ದಫೇದಾರ್ ಅವಳ ಮುಖ ನೋಡಿ ಹೊಸ ವಿಳಾಸ ಬರೆದುಕೊಂಡ. ಹನುಮಕ್ಕ ತನ್ನ ಒಲೆ ಬಿಟ್ಟುಕೊಡುವಂತಿರಲಿಲ್ಲ. ನೆಂಟರು ಏನೆನ್ನುತ್ತಾರೋ ಎಂಬ ಅಂಜಿಕೆ. ಆದರೆ ಕೊಟ್ಟಿಗೆಯ ಪಕ್ಕದಲ್ಲಿ ಮೂರು ಕಲ್ಲು ಹೂಡಿ, ಸೌದೆ ತಂದು ಹಾಕಿದಳು. ತಾಯಿ ಮಗಳು ಅಲ್ಲೇ ಅಡುಗೆ ಮಾಡಿಕೊಂಡು ಉಳಿದ ಇಪ್ಪತ್ತೊಂಬತ್ತು ದಿನ ಕಳೆದರು. ಹಬೀಬನ ಹೆಂಡತಿ ಅಫ್ಜಲುನ್ನೀಸಾ ದಿನಾ ಊಟ ಕಳಿಸುವಳು, ಸಾಬೀರಾ ದಿನಾ ವಾಪಸು ಕಳಿಸುವಳು. ಒಂದು ಶುಕ್ರವಾರ ಅವಳು ತಂದೆಯ ಗೋರಿ ಇರುವ ಖಬರಸ್ತಾನದವರೆಗೂ ಹೋಗಿ, ಹೆಂಗಸರು ಒಳಗೆ ಹೋಗುವ ರೂಢಿ ಇಲ್ಲದ್ದರಿಂದ ಗೋಡೆಯ ಹೊರಗೆ ನಿಂತು ಬಂದಳು. ಅಳು ಬರಲಿಲ್ಲ. ಹಲ್ಲು ಕಚ್ಚಿ ಹಿಡಿದು ದವಡೆ ನೋಯುತ್ತಿತ್ತು.

ಹೊರಡುವ ಹಿಂದಿನ ದಿನ ಹಬೀಬ್ ಹನುಮಕ್ಕನ ಅಂಗಳಕ್ಕೆ ಬಂದು ಕೈ ಮುಗಿದು ನಿಂತ. ಮಾಫಿ ಮಾಡು ಎಂದ.

"ನಂಗೆ ಮಾಡಿದ್ದನ್ನ ಯಾವತ್ತೋ ಒಂದಿನ ಮರೀಬೋದು," ಎಂದಳು ಸಾಬೀರಾ. "ಬಾವಾಗೆ ಮಾಡಿದ್ದನ್ನ ಮಾಫಿ ಮಾಡೋಕೆ ನಾನ್ಯಾರು?"

ಆದರೂ ಅವನನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಠಾಣೆಗೆ ಕರೆದುಕೊಂಡು ಹೋಗಿ, ಹಳೆಯ ಹೇಳಿಕೆ ಸುಳ್ಳು, ಈಕೆ ನನ್ನ ಒಡಹುಟ್ಟಿದ ತಂಗಿ ಎಂದು ಬರೆದುಕೊಡು ಎಂದಳು. ಈಗ ಅದರ ಅಗತ್ಯವಿಲ್ಲ ಎಂದು ದಫೇದಾರ್ ಹೇಳಿದ. ನನಗೆ ಅಗತ್ಯವಿದೆ ಎಂದಳು. ಹಬೀಬ್ ಸಹಿ ಹಾಕಿದ. ಅವಳು ಶಾಯಿ ಆರುವ ತನಕ ನೋಡುತ್ತಾ ನಿಂತಿದ್ದು ಹೊರಟಳು. ಮರುದಿನ ಬಸ್ ಹತ್ತುವಾಗ ತಾಯಿಗೂ ಹನುಮಕ್ಕನಿಗೂ ಮಾತ್ರ ವಿದಾಯ ಹೇಳಿದಳು.

೧೯೬೫ರ ಬೇಸಿಗೆಯಲ್ಲಿ ಅವಳು ಮತ್ತೊಮ್ಮೆ ಅರ್ಜಿ ಹಾಕಿದಳು. ವಿಚಾರಣೆಗೆ ಬಂದವರಿಗೆ ಹಬೀಬ್ ಕೇಳುವ ಮೊದಲೇ ಹೌದು ಎಂದನಂತೆ. ಅಷ್ಟರಲ್ಲಿ ಯುದ್ಧವಾಯಿತು. ಹಡಗು, ಅಂಚೆ, ವೀಸಾ ಎಲ್ಲ ನಿಂತವು. ಅಮೀರ್ ಬಿ ಅದೇ ಚಳಿಗಾಲದಲ್ಲಿ ತೀರಿಕೊಂಡಳು. ಸುದ್ದಿ ಕರಾಚಿಗೆ ಮುಟ್ಟುವಾಗ ಆರು ತಿಂಗಳಾಗಿತ್ತು. ಅಣ್ಣ ಎರಡು ಹಾಳೆ ತುಂಬ ಬರೆದಿದ್ದ. ಸಾಬೀರಾ ಒಂದೇ ಸಾಲಿನ ಉತ್ತರ ಬರೆದಳು. ಅಮ್ಮನನ್ನು ಬಾವಾನ ಪಕ್ಕದಲ್ಲೇ ಮಣ್ಣು ಮಾಡಿದಿರೋ ಇಲ್ಲವೋ, ಅದೊಂದನ್ನು ತಿಳಿಸುವುದು ಎಂದು ಕೇಳಿದ್ದಳು. ಅಣ್ಣನ ಕ್ಷೇಮ ಕೇಳಿರಲಿಲ್ಲ.