ಬೇವಿನ ಮರದ ಹಳಿತುಂಡು

"ಏಮ್ರಾ, ನಿನ್ ಹೊಟ್ಟೆಗೆ ಸ್ವಿಚ್ ಇಟ್ಟವ್ರೇನ್ಲಾ? ಉಣ್ಣೋ, ಅನಾಥ್ ನನ್ಮಗನೇ!"

ವೆಂಕಟರವಣಪ್ಪ ಶೋಯೆಬನ ತಟ್ಟೆಯನ್ನು ಚಪ್ಪಲಿ ಕಾಲಲ್ಲೇ ತಳ್ಳಿದ. ಮುದ್ದೆ ಉರುಳಿ ಸಾರಿನ ಆಚೆ ದಡ ಸೇರಿತು. ಶೋಯೆಬ ಕೈಕಟ್ಟಿಕೊಂಡು ಕೂತೇ ಇದ್ದ.

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಅವನ ಫಿಲೇಚರಿನಲ್ಲಿ ನಾನೂ ಶೋಯೆಬನೂ ರೇಷ್ಮೆಗೂಡು ಬೇಯಿಸುತ್ತಿದ್ದೆವು. ಬೆಂದ ಹುಳುವಿನ ವಾಸನೆ ಮೈಗೆಲ್ಲ ಹತ್ತಿ, ಬಸ್ಸಿನಲ್ಲಿ ನಮ್ಮ ಪಕ್ಕದ ಸೀಟು ಯಾವಾಗಲೂ ಖಾಲಿ. ಅದೊಂದು ಅನುಕೂಲ.

ಬೆಳೆದದ್ದು ಜಂಗಮಕೋಟೆ ರಸ್ತೆಯ ಅನಾಥಾಶ್ರಮದಲ್ಲಿ. ಹದಿನೆಂಟು ತುಂಬಿದ್ದೇ ತಡ, ಒಂದು ಜೊತೆ ಬಟ್ಟೆ, ಒಂದು ಬಕೆಟ್ಟು ಕೈಗಿಟ್ಟು ಗೇಟು ಹಾಕಿಕೊಂಡರು. ಹೊರಗೆ ವೆಂಕಟರವಣಪ್ಪನ ಟೆಂಪೋ ಕಾಯುತ್ತಿತ್ತು. ಆಶ್ರಮದ ಕಮಿಟಿಗೆ ಅವನೇ ಅಧ್ಯಕ್ಷ, ಫಿಲೇಚರಿಗೆ ಅವನೇ ಧಣಿ.

ಆಶ್ರಮದ ಬೇವಿನ ಮರಕ್ಕೆ ರೈಲುಹಳಿಯ ತುಂಡೊಂದನ್ನು ನೇತುಹಾಕಿದ್ದರು. ಅದೇ ಗಂಟೆ, ಬಡಿಯಲು ಒಂದು ಕಬ್ಬಿಣದ ಸರಳು. ಬಡಿದರೆ ಏಳಬೇಕು, ಬಡಿದರೆ ಉಣ್ಣಬೇಕು, ಬಡಿದರೆ ಮಲಗಬೇಕು. ಅದಕ್ಕೆ ಮುಂಚೆ ತುತ್ತು ಮುಟ್ಟಿದವನ ಬೆನ್ನಿಗೆ ಅದೇ ಸರಳು. ಏಟು ತಿಂದೂ ತಿಂದೂ ನನ್ನ ಚರ್ಮ ದಪ್ಪವಾಯಿತು. ಶೋಯೆಬನಿಗೆ ಆ ಸದ್ದು ಹೊಟ್ಟೆಯೊಳಗೇ ಉಳಿದುಬಿಟ್ಟಿತ್ತು. ಹೊರಗೆ ಬಂದಮೇಲೆ ಗಂಟೆಯಿಲ್ಲದೆ ಮೊದಲು ಊಟ ಹೋಯಿತು, ಆಮೇಲೆ ನಿದ್ದೆ, ಆಮೇಲೆ ಮಾತು.

ಅವತ್ತು ಧಣಿಯ ಎದುರಿಗೇ ನಾನು ಸೌಟು ತಗೊಂಡು ತಗಡಿನ ಡಬ್ಬಕ್ಕೆ ಬಾರಿಸಿದೆ. ಟಣ್! ಶೋಯೆಬ ಮುದ್ದೆಗೆ ಕೈ ಹಾಕಿದ.

ಧಣಿ ಹೊಟ್ಟೆ ಹಿಡಿದುಕೊಂಡು ನಕ್ಕ. ಮರುದಿನದಿಂದ ರೇಷ್ಮೆ ಕೊಳ್ಳಲು ಬಂದವರ ಮುಂದೆಲ್ಲ ಅದೇ ಆಟ. ಡಬ್ಬ ಬಡಿಯುವುದು, "ರಾರಾ ನಾಯನಾ" ಎಂದು ನಾಯಿ ಕರೆದ ಹಾಗೆ ಕರೆದು ಬಿಸ್ಕತ್ತು ತಿನ್ನಿಸುವುದು.

"ಸಾ, ಮಂಗಳವಾರ ಸರ್ಕಾರಿ ಆಸ್ಪತ್ರೆಗೆ ಮನಸ್ಸಿನ ಡಾಕ್ಟ್ರು ಬರ್ತಾರಂತೆ. ಇವ್ನನ್ನ ಕರ್ಕೊಂಡ್ ಹೋಗ್ತೀನಿ, ರಜಾ ಕೊಡಿ," ಎಂದೆ.

"ಹುಚ್ಚಿನ್ ಡಾಕ್ಟ್ರಾ? ನನ್ ಫಿಲೇಚರ್ ಮರ್ವಾದೆ ಏನಾಗ್ಬೇಕ್ಲಾ? ಹೋದ್ರೆ ಇಬ್ರೂ ಹಂಗೇ ಹೋಗ್ರೋ, ರೂಮೂ ಖಾಲಿ ಮಾಡ್ರೋ. ಸೋಮವಾರ ನನ್ ಮೊಮ್ಮಗನ್ ಬರ್ತ್‌ಡೇ, ಆಶ್ರಮ್ದಲ್ಲಿ. ಇಸ್ತ್ರಿ ಮಾಡಿದ್ ಶರ್ಟ್ ಹಾಕ್ಕೊಂಡ್ ಬನ್ನಿ. ಸ್ಟೇಜ್ ಮೇಲೆ ನಿಲ್ಲಿಸ್ಬೇಕು."

ಸೋಮವಾರ ಮಕ್ಕಳನ್ನು ಸಾಲಾಗಿ ಕೂರಿಸಿ ಎಲೆಗೆ ಪಲಾವ್ ಬಡಿಸಿಟ್ಟಿದ್ದರು. ಭಾಷಣ ಮುಗಿದು, ಕೇಕು ಕತ್ತರಿಸಿ, ಫೋಟೋ ಆದಮೇಲಷ್ಟೇ ಗಂಟೆ. ಮಕ್ಕಳು ಕೈಕಟ್ಟಿ ಕೂತಿದ್ದರು. ನೊಣಗಳಿಗೆ ಈ ಕಾನೂನು ಗೊತ್ತಿರಲಿಲ್ಲ, ಅವು ಊಟ ಶುರು ಮಾಡಿದ್ದವು.

"ಈ ಮಕ್ಕಳಿಗೆ ನಾನೇ ತಂದೆ, ನಾನೇ ತಾಯಿ," ಎಂದ ವೆಂಕಟರವಣಪ್ಪ ಮೈಕಿನಲ್ಲಿ.

"ತಾಯಿ ಅಂತೆ ಕಣೋ, ಮೀಸೆ ನೋಡು," ಎಂದು ಶೋಯೆಬನ ಕಿವಿಯಲ್ಲಿ ಪಿಸುಗುಟ್ಟಿದೆ. ಎಷ್ಟೋ ತಿಂಗಳ ಮೇಲೆ ಅವನ ತುಟಿ ಒಂಚೂರು ಅಲುಗಿತು.

"ಈ ಶೋಯೆಬನ್ನ ನೋಡಿ, ಎಷ್ಟು ಖುಷಿಯಾಗಿದಾನೆ! ಗಂಟೆ ಹೊಡೆದ್ರೆ ಸಾಕು, ಬಾಲ ಅಲ್ಲಾಡಿಸ್ಕೊಂಡ್ ಬರ್ತಾನೆ."

ಕುರ್ಚಿಯ ಮೇಲಿದ್ದವರೆಲ್ಲ ನಕ್ಕರು. ಶೋಯೆಬ ಸ್ಟೇಜಿನಿಂದ ಇಳಿದ. ಉಚ್ಚೆಗೆ ಹೊರಟ ಎಂದುಕೊಂಡೆ. ಅವನು ನೆಟ್ಟಗೆ ಬೇವಿನ ಮರಕ್ಕೆ ಹೋಗಿ ಸರಳು ಎತ್ತಿಕೊಂಡ.

ಟಣ್! ಟಣ್! ಟಣ್!

ಅಷ್ಟೂ ಕೈಗಳು ಒಂದೇ ಸಲ ಪಲಾವಿಗೆ ಬಿದ್ದವು.

"ಏಯ್, ನಿಲ್ಸ್ರೋ! ಕೇಕ್ ಕಟ್ ಆಗಿಲ್ಲ!" ಮೈಕು ಕಿರುಚಿತು. ಯಾರು ಕೇಳುತ್ತಾರೆ? ಗಂಟೆ ಆದಮೇಲೆ ಉಣ್ಣದೇ ಕೂತರೂ ಬೆನ್ನಿಗೆ ಬೀಳುತ್ತದೆಂದು ಕಲಿಸಿದವರು ಅವರೇ. ಮೊಮ್ಮಗನೂ ಸ್ಟೇಜಿನಿಂದ ಜಾರಿ ಬಂದು ಸಾಲಿನಲ್ಲಿ ಕೂತು, "ನಂಗೂ ಎಲೆ" ಎಂದ.

ವೆಂಕಟರವಣಪ್ಪ ಓಡಿಬಂದು ಶೋಯೆಬನ ಕಾಲರ್ ಹಿಡಿದ. ನಾನೂ ಹಿಂದೆಯೇ ಓಡಿದೆ.

"ಯಾರ್ ಹೇಳಿದ್ರೋ ನಿಂಗೆ, ಬೋಳಿಮಗನೇ?"

"ನಾಳೆ ಮಂಗಳವಾರ ಸಾ. ಡಾಕ್ಟ್ರ ಹತ್ರ ಹೋಗ್ತೀನಿ," ಎಂದ ಶೋಯೆಬ.

"ಕೆಲ್ಸ ಇಲ್ಲ ಇನ್ಮೇಲೆ!"

"ಹೂಂ ಸಾ."

ಶೋಯೆಬ ಧಣಿಯ ತೋಳಿನ ಮೇಲಿಂದ ಸರಳನ್ನು ನನ್ನತ್ತ ಚಾಚಿದ.

"ಗಂಗರಾಜು, ಎಲ್ರಿಗೂ ನಾನ್ ಗಂಟೆ ಹೊಡ್ದೆ ಕಣೋ. ನಂಗ್ಯಾರೂ ಹೊಡೀಲಿಲ್ಲ. ಹಸಿವಾಗ್ತೈತೆ."

ಸರಳು ತಗೊಂಡೆ. ವೆಂಕಟರವಣಪ್ಪನ ಕಿವಿ ಹಳಿತುಂಡಿಗೆ ಗೇಣು ದೂರದಲ್ಲಿತ್ತು. ಮೈಯಲ್ಲಿದ್ದ ಬಲವೆಲ್ಲ ಹಾಕಿ ಹಳಿಗೆ ಬಾರಿಸಿದೆ.