ಉರಿ: ಇಲ್ಲ

“ಇಲ್ಲೆ ಸಹಿ ಮಾಡು,” ಎಂದು ಹೆಡ್‌ಮಾಸ್ತರ ಶಿವಪ್ರಕಾಶ ಸರ್ ಹಾಳೆಯ ಬುಡಕ್ಕೆ ಬೆರಳು ಒತ್ತಿದರು. “ಪೂರ್ತಿ ಹೆಸರ ಬರಿ. ಗೀಚಬ್ಯಾಡ.”

ಜಯಶ್ರೀ ಪೆನ್ನಿನ ಮುಚ್ಚಳ ತೆಗೆದಳು, ಮತ್ತೆ ಹಾಕಿದಳು. ಹಾಳೆಯಲ್ಲಿದ್ದದ್ದು ಅವಳದೇ ಕಥೆ. ‘ಸದರಿ ವಿದ್ಯಾರ್ಥಿನಿಯ ಬಲ ಅಂಗೈ ಮೇಲೆ ರಾಸಾಯನಿಕ ಬಿದ್ದು ಸುಟ್ಟ ಗಾಯವಾಗಿದ್ದು, ಪ್ರಯೋಗಾಲಯವು ಸುರಕ್ಷಿತವಲ್ಲದ ಕಾರಣ ಮುಂದಿನ ಆದೇಶದವರೆಗೆ ಮುಚ್ಚಲಾಗಿದೆ.’ ಸದರಿ ವಿದ್ಯಾರ್ಥಿನಿ ಎಂದರೆ ತಾನೇ ಎಂದು ತಿಳಿಯಲು ಅವಳು ಎರಡು ಸಲ ಓದಬೇಕಾಯಿತು.

“ಸರ್, ಕೈ ನೋವೈತ್ರಿ,” ಎಂದು ಪಟ್ಟಿ ಸುತ್ತಿದ ಬಲಗೈ ಎತ್ತಿ ತೋರಿಸಿದಳು. “ನಾಳಿಗೆ ಮಾಡ್ಲೇನ್ರಿ?”

ಸರ್ ಪಟ್ಟಿ ನೋಡಿ ಮೆತ್ತಗಾದರು. “ಆತು. ನಾಳಿ ಹನ್ನೊಂದರೊಳಗ. ಇಲಾಖೆ ಆಫೀಸಿಗೆ ಕಳಸೂದೈತಿ ನೋಡ ಮತ್ತ.”

ಹೊರಗೆ ಬಂದಾಗ ಜವಾನ ಬಾಬುಸಾಬ ಲ್ಯಾಬಿನ ಬಾಗಿಲಿಗೆ ಬೀಗ ಜಡಿದು, ಭದ್ರವಾಗಿದೆಯೇ ಎಂದು ಎರಡು ಸಲ ಜಗ್ಗುತ್ತಿದ್ದ. ಮೆಟ್ಟಿಲ ಮೇಲೆ ವಿಜ್ಞಾನದ ಶೀಲಾ ಮೇಡಂ ಒಬ್ಬರೇ ಕೂತಿದ್ದರು. ಜಯಶ್ರೀಯನ್ನು ಕಂಡು, “ಈಗ ಹೇಗಿದೆ ಕೈ?” ಎಂದರು. ಜಯಶ್ರೀ ತಲೆಯಾಡಿಸಿ ಸರಸರ ಹೊರಟಳು. ಆ ಪಟ್ಟಿಯ ಕೆಳಗೆ ಗಾಯವಿಲ್ಲವೆಂಬುದು ಇಡೀ ಕೆರೂರಿನಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಆ ಹೈಸ್ಕೂಲಿನ ಪ್ರಯೋಗಾಲಯದಲ್ಲಿ ಏಳು ವರ್ಷಗಳಿಂದ ಪ್ರಯೋಗ ಹೋಗಿ ಲಯವಷ್ಟೇ ಉಳಿದಿತ್ತು. ಮುರಿದ ಡೆಸ್ಕುಗಳು, ಬಾವುಟದ ಕೋಲು, ತಳ ಹೋದ ಬಕೀಟುಗಳು ಅಲ್ಲಿ ವಾಸಿಸುತ್ತಿದ್ದವು. ಮಕ್ಕಳು ಮಾತ್ರ ಪ್ರತಿವರ್ಷ ತಪ್ಪದೆ ಜರ್ನಲ್ ಬರೆಯುತ್ತಿದ್ದರು. ಅಕ್ಕನದು ನೋಡಿ ತಂಗಿ, ತಂಗಿಯದು ನೋಡಿ ಓಣಿಯವರು; ಒಬ್ಬರ ತಪ್ಪು ಕೂಡ ಪಿತ್ರಾರ್ಜಿತ ಆಸ್ತಿಯ ಹಾಗೆ ಚೂರೂ ಒಡೆಯದೆ ಮುಂದಿನವರಿಗೆ ಹೋಗುತ್ತಿತ್ತು. ಈ ಜೂನಿನಲ್ಲಿ ಹಾಸನದ ಕಡೆಯಿಂದ ಶೀಲಾ ಮೇಡಂ ಬಂದು, ಸೆರಗು ಸಿಕ್ಕಿಸಿ, ಹತ್ತನೇ ಇಯತ್ತೆಯವರನ್ನು ಕಟ್ಟಿಕೊಂಡು ಎರಡು ಶನಿವಾರ ಕಸ ಹೊಡೆದಿದ್ದರು.

ಮೊದಲ ದಿನ ನೀರು ಕುದಿಸಿದರು. ಥರ್ಮಾಮೀಟರು ತೊಂಬತ್ತೆಂಟಕ್ಕೆ ನಿಂತಿತು. ಇಡೀ ತರಗತಿ ಜರ್ನಲಿನಲ್ಲಿ ನೂರು ಎಂದು ಬರೆದಿತ್ತು.

“ನೂರು ಯಾರಿಗೆ ಕಾಣಿಸ್ತು? ಕೈ ಎತ್ತಿ ನೋಡೋಣ.”

“ಪುಸ್ತಕದಾಗ ಹಂಗ ಐತ್ರಿ ಮೇಡಂ,” ಎಂದಿದ್ದಳು ಜಯಶ್ರೀಯ ಪಕ್ಕದ ನರ್ಗೀಸ.

“ಪುಸ್ತಕ ಸಮುದ್ರದ ಮಟ್ಟದಲ್ಲಿದೆ, ನೀವು ಕೆರೂರಿನ ದಿಬ್ಬದ ಮೇಲಿದ್ದೀರಿ, ಅಲ್ವಾ? ಕಂಡಿದ್ದನ್ನ ಬರೀರಿ. ಕಾಣ್ಬೇಕಾಗಿದ್ದನ್ನಲ್ಲ.”

ಆ ‘ಅಲ್ವಾ’ವನ್ನು ಜಯಶ್ರೀ ಒಂದು ವಾರ ಬಾಯಲ್ಲಿಟ್ಟುಕೊಂಡು ತಿರುಗಿದಳು. ಅವಳ ಗಂಟಲಲ್ಲಿ ಎಲ್ಲರಿಗೂ ಬಾಡಿಗೆ ಇಲ್ಲದ ಮನೆ ಇತ್ತು. ಹೆಡ್‌ಮಾಸ್ತರರ ‘ನೋಡ ಮತ್ತ’, ಬಾಬುಸಾಬನ ಕೆಮ್ಮು, ಬಾಗಲಕೋಟಿ ಬಸ್ಸಿನ ಕಂಡಕ್ಟರನ ಸೀಟಿ, ಧಾರಾವಾಹಿಯ ಸೊಸೆಯ ಅಳು, ಎಲ್ಲ ಅಲ್ಲಿದ್ದವು. ನರ್ಗೀಸ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡರೆ ಅದೇ ಅವಳಿಗೆ ಬಹುಮಾನ.

ಅನಾಹುತವಾದದ್ದು ಅಮಾವಾಸ್ಯೆಯ ಮರುದಿನ. ಹಿಂದಿನ ಸಂಜೆ ಬೀರಪ್ಪನ ಗುಡಿಯಲ್ಲಿ ಜಯಶ್ರೀ ಅಜ್ಜಿ ಸೋಮವ್ವನ ಜೊತೆ ನಿಂತು ದೇವರಿಗೆ ಎರಡೂ ಕೈಯಿಂದ ಭಂಡಾರ ಎರಚಿದ್ದಳು. ಅರಿಷಿಣದ ಆ ಪುಡಿ ಬೆಳಗಿನವರೆಗೂ ಗೆರೆಗೆರೆಗಳಲ್ಲಿ ಕೂತಿತ್ತು. ಲ್ಯಾಬಿನೊಳಗೆ ಬರುವ ಮೊದಲು ಕೈ ತೊಳೆಯಬೇಕೆಂಬುದು ಮೇಡಂ ಮಾಡಿದ ಕಾನೂನು. ಆದರೆ ಅವತ್ತು ನಳಕ್ಕೆ ನೀರೇ ಬಂದಿರಲಿಲ್ಲ. ಚಪ್ಪಲಿ ಹೊರಗೆ ಬಿಡಬೇಕೆಂಬುದು ಬಾಬುಸಾಬನ ಕಾನೂನು. “ಒರಸಿ ಕನ್ನಡಿ ಮಾಡೇನಿ, ವಿದ್ಯಾದ ಗುಡಿ ಇದು,” ಎನ್ನುತ್ತಿದ್ದ. ಹೀಗೆ ತೊಳೆಯದ ಕೈ, ಬರಿಗಾಲು ಎರಡೂ ಒಳಗೆ ಬಂದವು.

ಮೇಡಂ ಕಾಸ್ಟಿಕ್ ಸೋಡಾವನ್ನು ನೀರಿನಲ್ಲಿ ಬಹಳ ತೆಳ್ಳಗೆ ಕರಗಿಸಿ ಕೊಟ್ಟಿದ್ದರು. ಜಯಶ್ರೀಯ ಪ್ರನಾಳದಿಂದ ನಾಲ್ಕು ಹನಿ ತುಳುಕಿ ಅಂಗೈ ಮೇಲೆ ಬಿದ್ದವು. ಹಳದಿ ಅಂಗೈ ಕಣ್ಣೆದುರೇ ಕೆಂಪಾಯಿತು. ಕೆಂಪೆಂದರೆ ರಕ್ತಗೆಂಪು.

ಅವಳ ಎದೆ ಒಂದು ಸಲ ಧಸಕ್ಕೆಂದದ್ದು ಖರೆ. ಆದರೆ ಉರಿಯಲಿಲ್ಲ. ಸಾಬೂನಿನ ನೀರಿನ ಹಾಗೆ ಬೆರಳು ಜಾರಿತು, ಅಷ್ಟೆ. ಅಷ್ಟರಲ್ಲಿ ನರ್ಗೀಸ ಬಾಯಿ ತೆರೆದು ನೋಡುತ್ತಿದ್ದಳು. ಆಚೆ ಬೆಂಚಿನವರೂ ತಿರುಗಿದರು. ಇಷ್ಟೊಂದು ಕಣ್ಣು ಪುಕ್ಕಟೆ ಸಿಕ್ಕಾಗ ಸುಮ್ಮನಿರುವುದು ಜಯಶ್ರೀಗೆ ಯಾವತ್ತು ಬಂದಿತ್ತು? ಧಾರಾವಾಹಿಯ ಸೊಸೆಯ ದನಿ ತಾನಾಗಿಯೇ ಹೊರಬಿತ್ತು: “ಅಯ್ಯಯ್ಯೋ! ಸುಟ್ಟೇಬಿಟ್ತು! ನನ್ನ ಕೈ ಹೋತ್ರೋ!”

ನಕಲು ಅಷ್ಟು ಚೆನ್ನಾಗಿದ್ದದ್ದೇ ತಪ್ಪಾಯಿತು. ಬೆಂಚು ಉರುಳಿತು, ಬೀಕರು ಒಡೆಯಿತು, ಎಲ್ಲರೂ ಬಾಗಿಲಿಗೆ ಮುಗಿಬಿದ್ದರು. ಮೇಡಂ ನೀರಿಗಾಗಿ ಕೂಗಿದರು. ಇದ್ದ ಒಂದು ಬಕೀಟು ಬೆಂಚಿನಡಿ ಚೆಲ್ಲಿಹೋಗಿತ್ತು. ಎಲ್ಲರಿಗಿಂತ ಮೊದಲು ಗೆಳತಿಯ ಕಡೆ ಓಡಿಬಂದ ನರ್ಗೀಸ ಗಾಜು ತುಳಿದಳು. ದವಾಖಾನಿಯಲ್ಲಿ ಅವಳ ಅಂಗಾಲಿಗೆ ಮೂರು ಹೊಲಿಗೆ ಬಿದ್ದವು. ಆ ಗಡಿಬಿಡಿಯಲ್ಲೇ ಸಿಸ್ಟರ್ ಜಯಶ್ರೀಯ ಕೆಂಪು ಅಂಗೈಗೂ ಮುಲಾಮು ಸವರಿ ಪಟ್ಟಿ ಸುತ್ತಿದರು. ತನಗೇನೂ ಆಗಿಲ್ಲವೆಂದು ಹೇಳಲು ಜಯಶ್ರೀ ಮೂರು ಸಲ ಬಾಯಿ ತೆರೆದಳು. ಬೇಕಾದಾಗಲೇ ಅವಳ ಸ್ವಂತ ದನಿ ಮನೆಯಲ್ಲಿರಲಿಲ್ಲ.

ಸಹಿ ತಪ್ಪಿಸಿಕೊಂಡು ಬಂದ ಸಂಜೆ ಸೋಮವ್ವ ಮೊಮ್ಮಗಳ ಪಟ್ಟಿ ಬಿಚ್ಚಿದಳು. ಅಂಗೈಯನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುವಿದಳು.

“ಗಾಯ ಎಲ್ಲೈತವಾ?”

ಜಯಶ್ರೀ ನೆಲ ನೋಡಿದಳು. “ಕೆಂಪ ಆಗಿತ್ತು.”

“ಅರಿಷಿಣಕ್ಕ ಸುಣ್ಣ ಹತ್ತಿದ್ರ ಕೆಂಪ ಆಗ್ದ ಮತ್ತೇನ್ ಹಸರ ಆಕ್ಕೈತೇನು? ಆರತಿ ನೀರ ಹೆಂಗ ಮಾಡ್ತಾರ ಮತ್ತ? ನಿಮ್ಮ ಸಾಲ್ಯಾಗ ಸುಣ್ಣದಂಥಾದ್ದ ಏನರ ಇದ್ದಿರಬೇಕು.” ಅಜ್ಜಿ ಅಷ್ಟು ಹೇಳಿ ಮೊಮ್ಮಗಳ ಮುಖ ನೋಡಿದಳು. “ಉರೀತೇನು?”

“ಇಲ್ಲ.”

“ಮತ್ತ ಚೀರಿದ್ದ್ಯಾಕ?”

“ಎಲ್ಲಾರೂ ನೋಡಾಕತ್ತಿದ್ರು ಯಮ್ಮಾ.”

ಸೋಮವ್ವ ಬಯ್ಯುತ್ತಾಳೆಂದು ಜಯಶ್ರೀ ಕಾದಳು. ಬೈದಿದ್ದರೆ ಹಗುರಾಗುತ್ತಿತ್ತು. ಅಜ್ಜಿ ಪಟ್ಟಿಯನ್ನು ಸುರುಳಿ ಸುತ್ತುತ್ತ, “ನಿನ್ನ ಗಾಯ ಸುಳ್ಳ. ಆ ಹುಡಿಗಿ ಕಾಲ ಸುಳ್ಳ ಅಲ್ಲಲ್ಲವಾ,” ಎಂದಳು.

ಊಟಕ್ಕೆ ಮೊದಲು ಜಯಶ್ರೀ ಜರ್ನಲಿನಿಂದ ಒಂದು ಹಾಳೆ ಹರಿದಳು. ಹೇಗೆ ಶುರುಮಾಡಬೇಕೆಂದು ತಿಳಿಯದೆ, ಗೊತ್ತಿದ್ದ ಒಂದೇ ಕ್ರಮದಲ್ಲಿ ಶುರುಮಾಡಿದಳು. ಉದ್ದೇಶ. ಸಾಮಗ್ರಿ. ಕಂಡದ್ದು. ಯಾವ ಅಕ್ಕನ ಜರ್ನಲಿನಲ್ಲೂ ಈ ಪ್ರಯೋಗ ಇರಲಿಲ್ಲ.

ಮರುದಿನ ಹನ್ನೊಂದಕ್ಕೆ ಹೆಡ್‌ಮಾಸ್ತರರು ಸಹಿಗಾಗಿ ಹಾಳೆ ಚಾಚಿದರೆ ಜಯಶ್ರೀ ತನ್ನ ಹಾಳೆಯನ್ನು ಅದರ ಮೇಲಿಟ್ಟಳು. ಪಟ್ಟಿ ಇಲ್ಲದ ಕೈಯನ್ನೂ ಪಕ್ಕದಲ್ಲಿಟ್ಟಳು. ಶೀಲಾ ಮೇಡಂ ಕಿಟಕಿಯ ಬಳಿ ನಿಂತಿದ್ದರು; ಅವರನ್ನೂ ಸಹಿಗೇ ಕರೆಸಲಾಗಿತ್ತು. ಸರ್ ಕನ್ನಡಕ ಏರಿಸಿ ಗಟ್ಟಿಯಾಗಿ ಓದತೊಡಗಿದರು.

“ಕಂಡದ್ದು: ಕೈಯಲ್ಲಿ ಭಂಡಾರ ಇತ್ತು. ದ್ರಾವಣ ಬಿದ್ದ ಕೂಡಲೇ ಕೆಂಪಾಯಿತು. ಉರಿ: ಇಲ್ಲ. ಗಾಯ: ಇಲ್ಲ. ಆದರೂ ನಾನು ಚೀರಿದೆನು. ಕಾರಣ: ಎಲ್ಲರೂ ನೋಡುತ್ತಿದ್ದರು.” ಸರ್ ಒಮ್ಮೆ ತಲೆಯೆತ್ತಿ ನೋಡಿ ಮುಂದುವರಿದರು. “ನನ್ನ ಚೀರಾಟದಿಂದ ಬೀಕರು ಒಡೆಯಿತು. ನರ್ಗೀಸಳ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಯಾರ ಕಾಲಲ್ಲೂ ಇರಲಿಲ್ಲ. ನಳದಲ್ಲಿ ನೀರು ಇರಲಿಲ್ಲ. ಔಷಧದ ಪೆಟ್ಟಿಗೆ ಹೆಡ್‌ಮಾಸ್ತರರ ಕಪಾಟಿನಲ್ಲಿತ್ತು. ಕಪಾಟಿಗೆ ಬೀಗ ಇತ್ತು. ಕೀಲಿ ಹೆಡ್‌ಮಾಸ್ತರರ ಮನೆಯಲ್ಲಿತ್ತು...”

ದನಿ ಅಲ್ಲಿಗೆ ನಿಂತಿತು. ಬಾಗಿಲಲ್ಲಿದ್ದ ಬಾಬುಸಾಬನಿಗೆ ಹಠಾತ್ತನೆ ಕೆಮ್ಮು ಬಂತು.

“ಇದನ್ನ ನೀವ ಬರಿಸೀರೇನ್ರಿ ಮೇಡಂ?”

“ಇಲ್ಲ ಸರ್. ನನಗೂ ಈಗಲೇ ಗೊತ್ತಾಗಿದ್ದು.”

“ನೀ ಊರ ಮಂದೀನ್ನೆಲ್ಲ ಅಣಕ ಮಾಡಾಕಿ,” ಸರ್ ಜಯಶ್ರೀಯ ಕಡೆ ತಿರುಗಿದರು. “ಚೀರಿದ್ದು ನಾಟಕ ಅಂತಿ. ಇದೂ ನಾಟಕ ಅಲ್ಲಂತ ನಾ ಹೆಂಗ ನಂಬಲಿ?”

ಜಯಶ್ರೀ ಅಂಗೈಯನ್ನು ಇನ್ನಷ್ಟು ಮುಂದೆ ಸರಿಸಿದಳು. “ನಂಬಬ್ಯಾಡ್ರಿ ಸರ್. ಮಾಡಿ ನೋಡ್ರಿ.”

ಬಿಸಿಯೂಟದ ಅಡುಗೆಮನೆಯಿಂದ ಬಾಬುಸಾಬ ಒಂದು ಚಿಟಿಕೆ ಅರಿಷಿಣ ತಂದ. ಸುಣ್ಣ ಸರ್ ಅವರ ಎಲೆ-ಅಡಿಕೆ ಡಬ್ಬಿಯಲ್ಲೇ ಇತ್ತು. ಅವರು ಬೇರೆ ಯಾರ ಕೈಯನ್ನೂ ಕೇಳಲಿಲ್ಲ. ತಮ್ಮ ಅಂಗೈಗೇ ಅರಿಷಿಣ ಸವರಿ, ಎರಡು ಹನಿ ನೀರು ಹಾಕಿ, ಕಿರುಬೆರಳಿಂದ ಸುಣ್ಣ ತಿಕ್ಕಿದರು. ಕೆಂಪಾಯಿತು. ತೊಳೆಯಲೆಂದು ಸಾಬೂನು ಹಚ್ಚಿದರು. ಇನ್ನಷ್ಟು ಕೆಂಪಾಯಿತು.

“ನಮ್ಮನ್ಯಾಗ ನಮ್ಮವ್ವ ನೂರ ಸಲ ಮಾಡ್ಯಾಳ ಇದನ್ನ,” ಎಂದು ತಮಗೇ ಹೇಳಿಕೊಂಡರು. “ಲ್ಯಾಬಿನ್ಯಾಗ ಆಗಿದ್ದಕ್ಕ ಗುರ್ತ ಸಿಗಲಿಲ್ಲ.”

ಆಮೇಲೆ ಸರ್, ಕೈ ಒರೆಸಿಕೊಳ್ಳುತ್ತ, ಮೇಡಂ ಕಡೆ ನೋಡದೆಯೇ ಹೇಳಿದರು: “ನಾ ಹುನಗುಂದದಾಗ ಕಲಿಯೂ ಮುಂದ ನನ್ನ ಗೆಳ್ಯಾನ ಕಣ್ಣಿಗೆ ಆ್ಯಸಿಡ್ ಸಿಡೀತ್ರಿ. ಒಂದ ಕಣ್ಣ ಹೋತು. ಅವತ್ತೂ ಅಲ್ಲಿ ನೀರಿದ್ದಿಲ್ಲ. ಬೀಗ ಹಾಕಿದ್ರ ಯಾರ ಕಣ್ಣೂ ಹೋಗೂದಿಲ್ಲ ಅಂತ ನಾ ತಿಳಕೊಂಡಿದ್ದೆ.”

“ಕಣ್ಣು ಹೋಗಲ್ಲ ಸರ್,” ಎಂದರು ಮೇಡಂ ಮೆಲ್ಲಗೆ. “ಆದ್ರೆ ನೋಡೋಕೂ ಏನೂ ಉಳಿಯಲ್ಲ.”

ಸರ್ ತಾವು ಬರೆದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಇಟ್ಟುಕೊಂಡರು. ಜಯಶ್ರೀಯ ಹಾಳೆಯ ಬುಡದಲ್ಲಿ ತಾವೇ ಸಹಿ ಹಾಕಿದರು. “ಇದು ಆಫೀಸಿಗೆ ಹೋಗ್ತೈತಿ. ನಿನ್ನ ಹೆಸರೂ ಹೋಗ್ತೈತಿ ನೋಡ ಮತ್ತ.”

“ಹೋಗ್ಲಿ ಬಿಡ್ರಿ.”

“ನನ್ನ ಕಪಾಟದ್ದೂ ಹೋಗ್ತೈತಿ,” ಎಂದು ನಿಟ್ಟುಸಿರು ಬಿಟ್ಟರು. “ಬಾಬುಸಾಬ, ಔಷಧದ ಪೆಟಗಿ ಒಯ್ದು ಲ್ಯಾಬಿನ ಗ್ವಾಡಿಗೆ ಹೊಡಿ. ಕೀಲಿ ಬ್ಯಾಡ. ಎರಡ ಬಕೀಟ ನೀರ ದಿನಾ ಇಡಬೇಕು. ಮತ್ತ ಆ ಚಪ್ಲಿ ಕಾನೂನ ತಗದ್ಬಿಡು.”

“ರಾಡಿ ಆಕ್ಕೈತ್ರಿ ಸರ್ ನೆಲ.”

“ಒರಸೂಣು.” ಸರ್ ಜಯಶ್ರೀಗೆ ಬೆರಳು ತೋರಿಸಿದರು. “ಸೋಮವಾರ ಲ್ಯಾಬ್ ತಗೀತೈತಿ, ನೀ ಬಿಟ್ಟು ಎಲ್ಲಾರಿಗೂ. ನಿನಗ ಹದಿನೈದ ದಿನ ಬಂದ್. ಚೀರಿದ್ದಕ್ಕ.”

ಸೋಮವಾರ ಮೂರನೇ ಪಿರಿಯಡ್ಡಿಗೆ ಜಯಶ್ರೀ ಲ್ಯಾಬಿನ ಹಿಂದೆ ಎರಡು ಇಟ್ಟಿಗೆ ಪೇರಿಸಿ ಹತ್ತಿ, ಕಿಟಕಿಯ ಸರಳು ಹಿಡಿದು ನಿಂತಳು. ಒಳಗೆ ಗಾಜಿನ ಸಣ್ಣ ಸದ್ದುಗಳು. ಅವಳ ಬೆಂಚಿನಲ್ಲಿ ನರ್ಗೀಸ ಒಬ್ಬಳೇ ಇದ್ದಳು. ಒಂದು ಕಾಲಿಗೆ ತನ್ನ ಚಪ್ಪಲಿ, ಪಟ್ಟಿ ಕಟ್ಟಿದ ಕಾಲಿಗೆ ಅಣ್ಣನ ದೊಡ್ಡ ಬೂಟು. ಚೀರಿದ್ದು ನಾಟಕವೆಂದು ತಿಳಿದಾಗಿನಿಂದ ಅವಳು ಜಯಶ್ರೀಯ ಜೊತೆ ಒಂದು ಮಾತೂ ಆಡಿರಲಿಲ್ಲ. ಎರಡು ಪ್ರನಾಳಗಳ ದ್ರಾವಣವನ್ನು ಅವಳು ಕೂಡಿಸಿದಳು. ನೀರಿನಂತಿದ್ದ ಎರಡೂ ಸೇರಿ ಒಮ್ಮೆಲೇ ಬೆಳ್ಳಗಾದವು. ನರ್ಗೀಸ ಪಕ್ಕದ ಖಾಲಿ ಜಾಗ ನೋಡಿದಳು, ಆಮೇಲೆ ಕಿಟಕಿ ನೋಡಿದಳು. ಕುಂಟುತ್ತ ಬಂದು ಪ್ರನಾಳವನ್ನು ಸರಳಿನ ಹತ್ತಿರ ಬೆಳಕಿಗೆ ಹಿಡಿದಳು.

“ಲಗೂನ ನೋಡಿ ಬರ್ಕೊ. ಕೈ ಸೋಲತೈತಿ.”

ಜಯಶ್ರೀ ಸರಳಿಗೆ ಹಣೆ ಹಚ್ಚಿದಳು. “ತಡಿ. ಅಲ್ಲಾಡಿಸಬ್ಯಾಡ.”

ನರ್ಗೀಸ ಇನ್ನೊಂದು ಕೈಯಿಂದ ಮಣಿಕಟ್ಟನ್ನು ಹಿಡಿದುಕೊಂಡಳು. ಬಿಳುಪು ಪ್ರನಾಳದ ತಳಕ್ಕೆ, ಒಂದೊಂದೇ ಪದರವಾಗಿ, ನಿಧಾನವಾಗಿ ಇಳಿಯುತ್ತಿತ್ತು.