ದೋಣಿಯ ಅಧ್ಯಾಯ

ಅಂಬಿಗಿತ್ತಿ ಹುಟ್ಟನ್ನು ಎತ್ತಿ ನೀರಿಗೆ ಹಾಕಬೇಕಿತ್ತು. ಪುಟ ತಿರುವಿದರೆ ನೀರೂ ಇಲ್ಲ, ಹುಟ್ಟೂ ಇಲ್ಲ. ಕಬ್ಬಿಣದ ಕುದುರೆಗಳು ಕೆನೆಯುತ್ತ ನಿಂತಿದ್ದವು.

ಕನ್ನಡಕದ ಅಂಗಡಿಯವಳು ಪುಟ ಹಿಂದಕ್ಕೆ ತಿರುವಿದಳು. ನದಿ ಇತ್ತು, ಮಂಜು ಇತ್ತು, ಎಲ್ಲ ತಾನು ಬರೆದದ್ದೇ. ಮುಂದಕ್ಕೆ ತಿರುವಿದರೆ ಮತ್ತೆ ಅವೇ ಕುದುರೆಗಳು. ಲೈಬ್ರರಿಯ ಮಹಡಿ ಹಾಲಿನ ಹಿಂದೆ ಮುರಿದ ಕುರ್ಚಿ ಪೇರಿಸಿಡುವ ಕೋಣೆಯೊಂದಿತ್ತು. ಅಲ್ಲಿ ಕೂತು, ಇವತ್ತಿನ ಪುಸ್ತಕ ಬಿಡುಗಡೆಯ ವೇದಿಕೆಯಲ್ಲಿ ಯಾವ ಪುಟ ಓದಿಸಬೇಕೆಂದು ಆರಿಸುವುದಕ್ಕೆ ತನ್ನ ಪುಸ್ತಕವನ್ನು ಮೊದಲ ಸಲ ಬಿಚ್ಚಿದ್ದಳು. ಪ್ರೆಸ್ಸಿನಿಂದ ಬಂದು ವಾರಗಳಾಗಿದ್ದರೂ ಒಳಗೆ ನೋಡಿರಲಿಲ್ಲ. ಅಚ್ಚಾದ ಪುಸ್ತಕ ತೆರೆದರೆ ಮೊದಲು ಕಣ್ಣಿಗೆ ಬೀಳುವುದೇ ತಪ್ಪು ಅಂತ ಒಂದು ಅಂಜಿಕೆ. ಮೂಸಿ ನೋಡಿದ್ದಳು, ಸವರಿದ್ದಳು, ಅಂಗಡಿಯಲ್ಲಿ ಲೆನ್ಸಿನ ಡಬ್ಬಿಗಳ ಪಕ್ಕ ನಿಲ್ಲಿಸಿ, ಗೋಡೆಯ ಮೇಲಿನ ದೊಡ್ಡಕ್ಷರವನ್ನೇ ಓದಲಾಗದೆ ಬಂದವರಿಗೂ ಮುಖಪುಟ ತೋರಿಸಿ ಹಿಗ್ಗಿದ್ದಳು. ಅಷ್ಟೇ.

ಕುದುರೆಗಳ ಹಿಂದೆಯೇ ಒಂಟಿಕಣ್ಣಿನ ದಂಡನಾಯಕ ಬಂದ. ಆಗ ಗೊತ್ತಾಯಿತು. ಇವನು ಅವಳಿಗೆ ಹೊಸಬನಲ್ಲ. ಡ್ರೈವಿಂಗ್ ಮೇಷ್ಟ್ರ ಕಾದಂಬರಿಯವನು. ಆ ಹಸ್ತಪ್ರತಿಯನ್ನು ಅವಳು ಎಷ್ಟು ಸಲ ಓದಿದ್ದಳೆಂದರೆ, ದಂಡನಾಯಕನ ಕುರುಡುಗಣ್ಣು ಎಡದಿಂದ ಬಲಕ್ಕೆ ಹಾರಿದ್ದನ್ನು ಹಿಡಿದವಳೇ ಅವಳು. "ಗುರುವೇ, ಮೊದಲ ಯುದ್ಧದಲ್ಲಿ ಸತ್ತ ಸಿಪಾಯಿ ಎರಡನೇ ಯುದ್ಧದಲ್ಲಿ ನೀರು ಕೇಳ್ತಿದಾನೆ" ಅಂತ ತೋರಿಸಿಕೊಟ್ಟಾಗ ಮೇಷ್ಟ್ರು, "ಬಾಯಾರಿಕೆ ಆಗಿರ್ಬೇಕು, ಪಾಪ" ಅಂದಿದ್ದರು.

ಹೇಗಾಯಿತೆಂದು ಊಹಿಸುವುದು ಕಷ್ಟವಿರಲಿಲ್ಲ. ಯಾವ ಪ್ರಕಾಶಕರೂ ಇವರ ಮಾಯಾಲೋಕಗಳಿಗೆ ಬಾಗಿಲು ತೆಗೆಯದಿದ್ದಾಗ, ಇಬ್ಬರೂ ಸೇರಿ ಒಂದೇ ಪ್ರೆಸ್ಸಿನಲ್ಲಿ ತಮ್ಮ ತಮ್ಮ ಕಾದಂಬರಿ ಅಚ್ಚು ಹಾಕಿಸಿದ್ದರು. ಒಂದೇ ಅಳತೆ, ಒಂದೇ ಅಕ್ಷರ, ಒಂದೇ ಕಾಗದ. ಪುಟದ ನೆತ್ತಿಯ ಮೇಲೆ ಪುಸ್ತಕದ ಹೆಸರು ಬೇಡ, ಶಾಲೆ ಪುಸ್ತಕದ ಹಾಗೆ ಕಾಣುತ್ತದೆ ಅಂದಿದ್ದವರೂ ಮೇಷ್ಟ್ರೇ. ಹದಿನಾರು ಹದಿನಾರು ಪುಟದ ಕಟ್ಟುಗಳನ್ನು ಜೋಡಿಸಿ ಹೊಲಿಯುವವರು ನಡುವಿನ ಒಂದು ಕಟ್ಟನ್ನು ಅದಲು ಬದಲು ಮಾಡಿಬಿಟ್ಟಿದ್ದಾರೆ. ಅವರ ಯುದ್ಧ ಇವಳ ನದಿಗೆ ಬಂದು ಬಿದ್ದಿದೆ.

ಅವಳಿಗೆ ನಗು ಬಂತು. ಅಳುವುದನ್ನು ಆಮೇಲೆ ಅತ್ತರಾಯಿತು, ಮೊದಲು ಮೇಷ್ಟ್ರಿಗೆ ತೋರಿಸಬೇಕು, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗಬೇಕು ಅಂತ ಎದ್ದಳು. ಎದ್ದವಳು ಹಾಗೇ ನಿಂತಳು.

ಕಾಣೆಯಾದದ್ದು ದೋಣಿಯ ಅಧ್ಯಾಯ. ಮೇಷ್ಟ್ರು ಪುಸ್ತಕ ಬಂದ ವಾರದಲ್ಲೇ ಎಲ್ಲರೂ ನೋಡುವ ಹಾಗೆ ಫೋನಿನಲ್ಲಿ ಬರೆದು ಹಾಕಿದ್ದರು: "ಒಂದೇ ಉಸಿರಿಗೆ ಓದಿದೆ, ಮತ್ತೆ ಓದಿದೆ. ದೋಣಿಯ ಅಧ್ಯಾಯದಲ್ಲಿ ಪುಸ್ತಕವನ್ನು ಎದೆಯ ಮೇಲೆ ಮಗುಚಿಟ್ಟು ಅತ್ತೆ." ಆ ಸಾಲನ್ನು ಅವಳು ಅಮ್ಮನಿಗೆ ಓದಿ ಹೇಳಿದ್ದಳು. ಅಂಗಡಿಯ ಯಜಮಾನರಿಗೂ ತೋರಿಸಿದ್ದಳು. ಇವತ್ತಿನ ಪೋಸ್ಟರಿನ ಮೇಲೂ ಅದೇ ಸಾಲಿತ್ತು.

ಇಲ್ಲದ ಅಧ್ಯಾಯಕ್ಕೆ ಅತ್ತವರು, ಅದರ ಜಾಗದಲ್ಲಿ ತಮ್ಮದೇ ಕುದುರೆಗಳು ನಿಂತಿದ್ದನ್ನು ನೋಡಿಲ್ಲ.

ಅವರ ಪರಿಚಯವಾದದ್ದು ಎರಡು ಬ್ರೇಕಿನ ಕಲಿಕೆ ಕಾರಿನಲ್ಲಿ. ಅವಳಿಗೆ ಕ್ಲಚ್ ಬಿಡುವಾಗ ಕಾಲು ನಡುಗುತ್ತಿತ್ತು. "ಹೆದರಿಕೆ ಆದ್ರೆ ನಾನೊಂದು ಕಥೆ ಹೇಳ್ಕೋತೀನಿ ಸಾರ್" ಅಂದಿದ್ದಳು, ನಾಚಿಕೆಯಿಂದ. "ಹಾಗಾದ್ರೆ ಜೋರಾಗಿ ಹೇಳು, ನಂಗೂ ಹೆದರಿಕೆ ಆಗ್ತಿದೆ" ಅಂದಿದ್ದರು ಅವರು. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಅವಳು ನೆರಳುಗಳನ್ನು ದಾಟಿಸುವ ಅಂಬಿಗಿತ್ತಿಯ ಕಥೆ ಹೇಳಿದಳು. ಅವರು ಕಬ್ಬಿಣದ ಕುದುರೆಗಳ ಕಥೆ ಹೇಳಿದರು. ಲೈಸೆನ್ಸ್ ಬಂದರೂ ಕಥೆ ನಿಲ್ಲಲಿಲ್ಲ. ಆದರೆ ದೋಣಿಯ ಅಧ್ಯಾಯ ಕಾರಿನಲ್ಲಿ ಹುಟ್ಟಿದ್ದಲ್ಲ. ಅಪ್ಪ ಹೋದ ಮೇಲೆ ಬರೆದದ್ದು. ಅಮ್ಮನಿಗೊಬ್ಬಳಿಗೇ ಓದಿ ಹೇಳಿದ್ದು. ಹಸ್ತಪ್ರತಿ ಕೊಡಲು ಹೋದರೆ ಮೇಷ್ಟ್ರು, "ಅಚ್ಚಾಗ್ಲಿ ತಂಗಿ, ಬಿಸಿಬಿಸಿ ಓದ್ತೀನಿ" ಅಂದಿದ್ದರು. "ನಡುವೆ ಒಂದು ದೋಣಿಯ ಅಧ್ಯಾಯ ಇದೆ ಗುರುವೇ, ಅದರಲ್ಲಿ ನಮ್ಮಪ್ಪನ್ನ ಇಟ್ಟಿದೀನಿ. ಅದೊಂದು ಹೇಗಿದೆ ಹೇಳಿ, ಸಾಕು." ಅಷ್ಟು ಹೇಳಿದ್ದಳು. ಆ ಅಷ್ಟರಿಂದಲೇ ಅವರು ಕಣ್ಣೀರು ಹಿಂಡಿಕೊಂಡಿದ್ದರು.

ಬಾಗಿಲು ದಡಾರನೆ ತೆರೆಯಿತು. ಮೇಷ್ಟ್ರು ಕಪ್ಪು ಪರದೆ ಬಟ್ಟೆಯಲ್ಲಿ ಹೊಲಿಸಿದ ನಿಲುವಂಗಿ ತೊಟ್ಟು, ಸೊಂಟಕ್ಕೆ ರಟ್ಟಿನ ಕತ್ತಿ ಸಿಕ್ಕಿಸಿಕೊಂಡು ಸಾಕ್ಷಾತ್ ದಂಡನಾಯಕರಾಗಿದ್ದರು.

"ಏನ್ ತಂಗಿ, ಇನ್ನೂ ಪುಟ ಹುಡುಕ್ತಾನೇ ಇದೀಯಾ? ಹೊರಗೆ ಕುರ್ಚಿ ಸಾಲ್ತಿಲ್ಲ. ನಮ್ಮ ಕ್ಲಾಸಿನೋರು ಪೂರ್ತಿ ಬಂದವ್ರೆ. ಲೈಸೆನ್ಸ್ ಬೇಕಲ್ಲ, ಬರದೆ ಎಲ್ಲಿಗೋಗ್ತಾರೆ!"

"ಗುರುವೇ, ನನ್ನ ಪುಸ್ತಕ ಪೂರ್ತಿ ಓದಿದ್ರಿ ಅಲ್ವಾ?"

"ಇದೇನು ಕೇಳೋ ಮಾತಾ? ಎರಡು ಸಲ!"

"ಈ ಅಚ್ಚಾದ ಪುಸ್ತಕಾನೇ? ಮಧ್ಯದಲ್ಲಿ ಎಲ್ಲೂ ಎಡವಿದ ಹಾಗೆ ಆಗ್ಲಿಲ್ವಾ?"

"ಬೆಣ್ಣೆಯೊಳಗಿನ ಕೂದಲು ತೆಗೆದ ಹಾಗೆ ಹೋಯ್ತು."

"ದೋಣಿಯ ಅಧ್ಯಾಯ?"

ಅವರು ನಿಲುವಂಗಿಯ ಮೇಲೆ ಕೈ ಇಟ್ಟುಕೊಂಡರು. "ಅದನ್ನ ಮಾತ್ರ ಈಗ ನೆನಪಿಸ್ಬೇಡ. ವೇದಿಕೆ ಮೇಲೆ ಗಂಟಲು ಕಟ್ಟುತ್ತೆ."

ಅವಳು ಪುಸ್ತಕವನ್ನು ಎದೆಗೆ ಒತ್ತಿಕೊಂಡಳು. "ಓದಿಲ್ಲ ಅಂದ್ರೆ ಓದಿಲ್ಲ ಅನ್ನಿ ಗುರುವೇ. ನಿಮಗೂ ಕ್ಲಾಸು, ಮನೆ, ನೂರೆಂಟು ತಾಪತ್ರಯ. ನಾನೇನೂ ಅಂದ್ಕೊಳಲ್ಲ. ಈಗ ಹೇಳಿಬಿಡಿ."

ಮೇಷ್ಟ್ರ ಮುಖ ಸಪ್ಪಗಾಯಿತು. ನಿಜವಾಗಿಯೂ ನೊಂದವರ ಹಾಗೆ ಕಂಡರು. "ನನ್ನ ಮೇಲೆ ಅನುಮಾನಾನಾ? ನಿನ್ನಾಣೆಗೂ ಓದಿದೀನಿ ಕಣಮ್ಮ."

ಆಣೆ ಇಡುವುದಿದ್ದರೆ ತಮ್ಮ ಮೇಲೇ ಇಟ್ಟುಕೊಳ್ಳಬಹುದಿತ್ತು ಅನ್ನಿಸಿತು ಅವಳಿಗೆ. ಕುದುರೆಗಳು ಬರುವ ಮುಂಚಿನ ಪುಟದಲ್ಲಿ ಒಂದು ಚೀಟಿ ಸಿಕ್ಕಿಸಿ ಪುಸ್ತಕ ಅವರ ಕೈಗಿತ್ತಳು. "ಇಲ್ಲಿಂದ ಓದಿ."

ಹಾಲಿನ ತುಂಬ ಜನ. ಅಮ್ಮ ಮುಂದಿನ ಸಾಲಿನಲ್ಲಿ, ಸ್ವೆಟರು ಹಾಕಿಕೊಂಡು, ಕೈಚೀಲವನ್ನು ತೊಡೆಯ ಮೇಲೆ ಮಗುವಿನ ಹಾಗೆ ಇಟ್ಟುಕೊಂಡು ಕೂತಿದ್ದಳು. ಅಮ್ಮನಿಗೆ ಈಗ ಅಕ್ಷರ ಕಾಣುವುದಿಲ್ಲ, ಯಾವ ಲೆನ್ಸೂ ಕೆಲಸಕ್ಕೆ ಬರುವುದಿಲ್ಲ. ಕಿವಿ ಮಾತ್ರ ಚುರುಕು. ಒಬ್ಬರ ಪುಸ್ತಕದ ಬಗ್ಗೆ ಇನ್ನೊಬ್ಬರು ಮಾತಾಡಿ, ಒಂದಿಷ್ಟು ಓದುವುದೆಂದು ಮೊದಲೇ ಗೊತ್ತಾಗಿತ್ತು. ಲೈಬ್ರರಿಯ ಮೇಡಂ ಸ್ವಾಗತ ಹೇಳಿದ ಮೇಲೆ ಮೇಷ್ಟ್ರು ಮೈಕಿನ ಮುಂದೆ ನಿಂತರು.

ಮಾತಂತೂ ಅರಳು ಹುರಿದ ಹಾಗೆ. ನೆರಳುಗಳನ್ನು ದಾಟಿಸುವ ಇಂಥ ನದಿ ಇನ್ನೆಲ್ಲೂ ಹರಿದಿಲ್ಲ ಅಂದರು. ತಂಗಿ ಕಾರು ಓಡಿಸುವುದಕ್ಕಿಂತ ದೋಣಿ ಚೆನ್ನಾಗಿ ಓಡಿಸುತ್ತಾಳೆ ಅಂದರು, ಜನ ನಕ್ಕರು. ಆಮೇಲೆ ಚೀಟಿ ಇದ್ದಲ್ಲಿ ಬಿಚ್ಚಿ, ದನಿ ತಗ್ಗಿಸಿ ಓದತೊಡಗಿದರು. ನದಿ, ಮಂಜು, ದಡದಲ್ಲಿ ಕಾಯುವ ನೆರಳುಗಳು. "ಅಂಬಿಗಿತ್ತಿ ಹುಟ್ಟನ್ನು ಎತ್ತಿ..." ಪುಟ ತಿರುವಿದರು. "ಕಬ್ಬಿಣದ ಕುದುರೆಗಳು ಕೆನೆದವು. ನೆಲ ನಡುಗಿತು. ಆಕಾಶದಲ್ಲಿ ಕಿಡಿಗಳು ಚಿಮ್ಮಿದವು..."

ದನಿ ತಾನಾಗಿ ಏರಿತು. ಕೈ ಕತ್ತಿಯ ಹಿಡಿಗೆ ಹೋಯಿತು. ಯಾರೂ ಮುಖ ಮುಖ ನೋಡಿಕೊಳ್ಳಲಿಲ್ಲ. ಮಾಯೆಯ ಕಥೆ, ನೀರಿಂದ ಕುದುರೆ ಎದ್ದರೆ ಎದ್ದೀತು. ಓದುತ್ತ ಓದುತ್ತ ಮೇಷ್ಟ್ರು ದಂಡನಾಯಕನ ಒಂಟಿಕಣ್ಣಿಗೆ ಬಂದು ನಿಂತರು.

ಒಂದು ಸಲ ಕೆಮ್ಮಿದರು. ನೀರು ಕುಡಿದರು. ಅವಳ ಕಡೆ ನೋಡಿದರು. ಅವಳೂ ಅವರನ್ನೇ ನೋಡುತ್ತಿದ್ದಳು. ನಂತರ ಪುಸ್ತಕ ಮುಚ್ಚಿ, ಜನರ ಕಡೆ ತಿರುಗಿ, "ಉಳಿದದ್ದು ನೀವೇ ಓದ್ಕೊಳ್ಳಿ! ಎಲ್ಲಾ ನಾನೇ ಹೇಳಿಬಿಟ್ರೆ ಪುಸ್ತಕ ಯಾರು ಕೊಳ್ತಾರೆ?" ಅಂದರು. ಚಪ್ಪಾಳೆ ಬಿತ್ತು.

ಪಕ್ಕಕ್ಕೆ ಬಂದು ಕೂತು, ಮುಖದಲ್ಲಿ ನಗು ಹಾಗೇ ಇಟ್ಟುಕೊಂಡು, ತುಟಿಯಂಚಿನಲ್ಲಿ ಕೇಳಿದರು. "ಮೊದಲೇ ಹೇಳಬಾರದಿತ್ತಾ? ಜನರ ಮುಂದೆ ಹೀಗಾ ಮಾಡೋದು?"

"ಕೇಳಿದ್ನಲ್ಲ ಗುರುವೇ."

ಅವರು ಏನೋ ಹೊಳೆದವರ ಹಾಗೆ ತಮ್ಮ ಪುಸ್ತಕ ಎಳೆದುಕೊಂಡು ನಡುವಿನಲ್ಲಿ ಬಿಚ್ಚಿದರು. ಕಣ್ಣು ಎರಡು ಸಾಲು ಓಡಿ ನಿಂತಿತು. "ಇಲ್ಲಿ ನಿನ್ನ ದೋಣಿ ಇದೆ" ಅಂದರು ಮೆಲ್ಲಗೆ. ಅಷ್ಟರಲ್ಲಿ ಲೈಬ್ರರಿ ಮೇಡಂ ಅವಳ ಹೆಸರು ಕರೆದರು. "ತಂಗಿ, ಮೊದಲ ಅಧ್ಯಾಯ ಓದು ಸಾಕು. ಪ್ರೆಸ್ಸಿನವನನ್ನ ನಾಳೆ ವಿಚಾರಿಸ್ಕೊಳ್ಳೋಣ" ಅಂದರು ಮೇಷ್ಟ್ರು.

ಅವಳು ಮೇಷ್ಟ್ರ ಪುಸ್ತಕ ಹಿಡಿದು ಎದ್ದಳು. ಮೊದಲ ಅಧ್ಯಾಯವನ್ನೇ ಓದಬೇಕೆಂದು ಹೋದದ್ದು. ಕುದುರೆಗಳ ಬಗ್ಗೆ ನಾಲ್ಕು ಮಾತು ಹೇಳಿದಳು, ಅದು ಸುಳ್ಳಾಗಿರಲಿಲ್ಲ. ಒಂದೊಂದು ಕುದುರೆಯ ಗುರುತೂ ಅವಳಿಗಿತ್ತು. ಆಮೇಲೆ ಪುಸ್ತಕ ಬಿಚ್ಚಿದರೆ, ಮೇಷ್ಟ್ರು ಆಗಷ್ಟೇ ಬಿಚ್ಚಿ ಒತ್ತಿದ್ದ ಜಾಗದಲ್ಲೇ ಅದು ತೆರೆದುಕೊಂಡಿತು.

ದೋಣಿಯ ಅಧ್ಯಾಯ ಅಚ್ಚಿನಲ್ಲಿ ಇಷ್ಟು ಚಂದ ಕಾಣುತ್ತದೆಂದು ಅವಳು ಅಂದುಕೊಂಡಿರಲಿಲ್ಲ.

ಓದಿದಳು. ಅಂಬಿಗಿತ್ತಿಯ ದೋಣಿಗೆ ಒಂದು ಮುದಿ ನೆರಳು ಹತ್ತುತ್ತದೆ. ಅದು ಅವಳ ಅಪ್ಪ. ಅವನಿಗೆ ಅವಳ ಗುರುತಿಲ್ಲ. "ನಿನಗೆ ಮನೆಯಲ್ಲಿ ಯಾರ್ಯಾರಿದ್ದಾರಮ್ಮ?" ಎಂದು ಕೇಳುತ್ತಾನೆ, ಯಾರೋ ದಾರಿಹೋಕರನ್ನು ಕೇಳುವ ಹಾಗೆ. ಅವಳು ಹುಟ್ಟು ಹಾಕುತ್ತಲೇ ಇರುತ್ತಾಳೆ. ಗಾಳಿ ಬೀಸುತ್ತದೆ. ನೆರಳು ತನ್ನ ಕೋಟಿನ ಗುಂಡಿ ಹಾಕಿಕೊಳ್ಳುತ್ತದೆ, ಕೆಳಗಿನಿಂದ ಮೇಲಕ್ಕೆ. "ಮೇಲಿಂದ ಶುರು ಮಾಡಿದರೆ ಕೊನೆಗೆ ಒಂದು ಉಳಿದುಬಿಡುತ್ತೆ. ಕೆಳಗಿಂದ ಹಾಕಿದರೆ ಯಾವುದೂ ತಪ್ಪಲ್ಲ ನೋಡು" ಎನ್ನುತ್ತದೆ.

"ಅಯ್ಯೋ!" ಅಂದಳು ಅಮ್ಮ, ಹಾಲಿಗೆಲ್ಲ ಕೇಳಿಸುವ ಹಾಗೆ. "ಇದು ನಮ್ಮನೆಯವ್ರು!"

ಪಕ್ಕದಲ್ಲಿದ್ದ ಹೆಂಗಸು ಅಮ್ಮನ ಕೈ ಹಿಡಿದಳು. "ಸುಮ್ನಿರಿ ಅಜ್ಜಿ. ಅದು ಆ ಮೇಷ್ಟ್ರ ಪುಸ್ತಕ."

"ಯಾವ ಮೇಷ್ಟ್ರದ್ದು? ಇದು ನಮ್ಮ ಹುಡುಗೀದು. ಅವ್ರು ಹೀಗೇ ಹಾಕ್ಕೋತಿದ್ರು ಗುಂಡಿ."

"ಕಥೆ ಅಜ್ಜಿ, ಕಥೆ. ಎಲ್ಲಾರ ಮನೇಲೂ ಇರ್ತಾರೆ ಇಂಥೋರು" ಅಂದಳು ಆ ಹೆಂಗಸು, ತನ್ನ ಕಣ್ಣನ್ನೂ ಒರೆಸಿಕೊಳ್ಳುತ್ತ.

ಓದಿ ಮುಗಿಸಿದಾಗ ಚಪ್ಪಾಳೆ ತಕ್ಷಣ ಬರಲಿಲ್ಲ. ಬಂದಾಗ ನಿಲ್ಲಲಿಲ್ಲ. ಲೈಬ್ರರಿ ಮೇಡಂ ಮೈಕು ಹಿಡಿದುಕೊಂಡು, "ಬರೀ ಕತ್ತಿ, ಕುದುರೆ ಅಂದ್ಕೊಂಡಿದ್ವಿ. ಶಿಷ್ಯೆಯ ಅಂಬಿಗಿತ್ತೀನ ತಮ್ಮ ಕಥೆಗೂ ಕರ್ಕೊಂಡು ಬಂದಿದಾರೆ. ಮೇಷ್ಟ್ರ ಎದೆಯಲ್ಲಿ ಇಂಥ ತಾಯಿಕರುಳು ಇದೆ ಅಂತ ಯಾರಿಗ್ಗೊತ್ತಿತ್ತು!" ಅಂದರು. ಜನ ಮೇಷ್ಟ್ರ ಕಡೆ ತಿರುಗಿದರು.

ಅವಳೂ ತಿರುಗಿದಳು. ಮೈಕು ಅವರ ಕೈಯಳತೆಯಲ್ಲೇ ಇತ್ತು. ಒಂದು ಮಾತು ಸಾಕಾಗಿತ್ತು: ಇದು ನನ್ನದಲ್ಲ, ಇವಳದು, ಪ್ರೆಸ್ಸಿನವರು ಕೆಡಿಸಿದ್ದಾರೆ. ಜನ ನಗುತ್ತಿದ್ದರು, ಇನ್ನೊಂದು ಸಲ ಚಪ್ಪಾಳೆ ತಟ್ಟುತ್ತಿದ್ದರು, ಮನೆಗೆ ಹೋಗಿ ಹೇಳಿಕೊಳ್ಳುತ್ತಿದ್ದರು. ಮೇಷ್ಟ್ರು ಎದ್ದು ನಿಂತರು. ಬಾಯಿ ತೆರೆಯಿತು. ಚಪ್ಪಾಳೆ ಇನ್ನೂ ಏರಿತು. ಅವರು ಬಾಯಿ ಮುಚ್ಚಿ, ಕೈಯನ್ನು ಎದೆಯ ಮೇಲಿಟ್ಟು, ಬಾಗಿದರು. ಆ ರಟ್ಟಿನ ಕತ್ತಿ ಕುರ್ಚಿಗೆ ತಾಗಿ ಮಡಚಿಕೊಂಡಿತು.

ಅವಳು ಅವರ ಪುಸ್ತಕವನ್ನು ಮೇಜಿನ ಮೇಲಿಟ್ಟು ಕೆಳಗಿಳಿದಳು.

ಆಮೇಲೆ ಚಹಾ ಬಂತು, ಬಿಸ್ಕತ್ತು ಬಂತು. ಪುಸ್ತಕ ಮಾರುವ ಮೇಜಿನ ಒಂದು ತುದಿಯಲ್ಲಿ ಅವಳ ಪುಸ್ತಕಗಳು ಅಂದವಾಗಿ ಪೇರಿಸಿದ ಹಾಗೇ ಇದ್ದವು. ಇನ್ನೊಂದು ತುದಿಯಲ್ಲಿ ಸಾಲು ಬಾಗಿಲವರೆಗೆ ಬೆಳೆದಿತ್ತು. ಅಮ್ಮನ ಪಕ್ಕ ಕೂತಿದ್ದ ಹೆಂಗಸು ಸಾಲಿನ ಮೊದಲಲ್ಲಿದ್ದಳು. ಪುಸ್ತಕವನ್ನು ನಡುವಿನಲ್ಲಿ ಬಿಚ್ಚಿ ಹಿಡಿದು, "ಮೊದಲ ಪುಟದಲ್ಲಿ ಬೇಡ ಸಾರ್. ಇಲ್ಲಿ, ಗುಂಡಿ ಹಾಕ್ಕೊಳ್ಳೋ ಪುಟದಲ್ಲೇ ಹಾಕ್ಕೊಡಿ ಸೈನು" ಅನ್ನುತ್ತಿದ್ದಳು.

ಮೇಷ್ಟ್ರು ಪೆನ್ನು ಹಿಡಿದು ಒಂದು ಗಳಿಗೆ ತಲೆ ಎತ್ತಿದರು. ಹಾಲಿನ ಆ ತುದಿಯಲ್ಲಿ ಅವಳನ್ನು ಹುಡುಕಿದರೋ ಏನೋ. ಹಿಂದಿನವರು ಯಾರೋ "ಬೇಗ ಸಾರ್" ಅಂದರು. ಬಗ್ಗಿ ಸೈನು ಹಾಕಿದರು.

"ಅವ್ರಿಗೆ ಹೇಳಿದ್ಯಾ, ಅದು ನಮ್ಮದು ಅಂತ?" ಅಮ್ಮ ಕೇಳಿದಳು. ಹೊರಡುವುದಕ್ಕೆ ಎದ್ದು ನಿಂತು, ಸ್ವೆಟರಿನ ಗುಂಡಿಗಳನ್ನು ತಡಕಾಡುತ್ತಿದ್ದಳು.

"ಅವರಿಗೆ ಗೊತ್ತಮ್ಮ."

"ಮತ್ತೆ?"

ಅಮ್ಮ ಮೇಲಿನಿಂದ ಶುರು ಮಾಡಿದ್ದರಿಂದ ಒಂದು ಬದಿ ಉದ್ದ, ಒಂದು ಬದಿ ಗಿಡ್ಡವಾಗಿತ್ತು. ಅವಳು ಕೈಚೀಲ ಇಸಿದುಕೊಂಡು ಕುರ್ಚಿಯ ಮೇಲಿಟ್ಟಳು. ಹಾಕಿದ್ದನ್ನೆಲ್ಲ ಬಿಚ್ಚಿದಳು. ಆಮೇಲೆ ಅಮ್ಮನ ಮುಂದೆ ಮಂಡಿಯೂರಿ ಕೂತು, ಕಟ್ಟಕಡೆಯ ಗುಂಡಿಯನ್ನು ಬೆರಳಿನಲ್ಲಿ ಹುಡುಕಿ ಹಿಡಿದಳು.